ಸಾಲ ಸೆಟಲ್ ಮಾಡಿದ್ಮೇಲೂ ಸಿಬಿಲ್ ರಿಪೋರ್ಟಲ್ಲಿ ಅದು ಯಾಕೆ ಕಾಣುತ್ತೆ, ಹೇಗೆ ಕಾಣುತ್ತೆ?

"ಸರ್, ನಿಮ್ಮ ಕಾರ್ಡ್ ಬಾಕಿ 1 ಲಕ್ಷದ 22 ಸಾವಿರ ಇದೆ, ಈ ತಿಂಗಳೊಳಗೆ 50 ಸಾವಿರ ಕಟ್ಬಿಡಿ, ಫುಲ್ ಅಂಡ್ ಫೈನಲ್, ಆಮೇಲೆ ಯಾರೂ ಫೋನ್ ಮಾಡಲ್ಲ." ಈ ಥರ ಫೋನ್ ಈಗ ಎಷ್ಟೋ ಜನಕ್ಕೆ ಬರ್ತಿರುತ್ತೆ. ಕೆಲಸ ಹೋಗಿರುತ್ತೆ, ಮನೇಲಿ ಯಾರಿಗೋ ಆಸ್ಪತ್ರೆ ಖರ್ಚು ಬಂದಿರುತ್ತೆ, ಆ ಹೊತ್ತಲ್ಲಿ 72 ಸಾವಿರ ಬಿಟ್ಬಿಡ್ತೀವಿ ಅಂದ್ರೆ ಯಾರಿಗಾದ್ರೂ ದೇವ್ರೇ ಫೋನ್ ಮಾಡ್ದಂಗೆ ಅನ್ಸುತ್ತೆ. ಒಡವೆ ಇಟ್ಟೋ ಭಾವಮೈದುನನ ಹತ್ರ ಇಸ್ಕೊಂಡೋ ಕಟ್ಟೂಬಿಡ್ತಾರೆ. ಫೋನ್ ನಿಜವಾಗ್ಲೂ ನಿಲ್ಲುತ್ತೆ. ಎರಡ್ಮೂರು ವರ್ಷ ಆದ್ಮೇಲೆ ಸೈಟ್ ತಗೋಳೋಕೋ ಮನೆ ಕಟ್ಟೋಕೋ ಬ್ಯಾಂಕಿಗೆ ಹೋದಾಗ ಅಲ್ಲಿರೋರು ಸ್ಕ್ರೀನ್ ನೋಡಿ "ಹಳೇ ಕಾರ್ಡ್ ಒಂದು ಸೆಟಲ್ಡ್ ಅಂತ ತೋರಿಸ್ತಿದೆಯಲ್ಲ" ಅಂತಾರೆ. ಇವರಿಗೋ ಆಶ್ಚರ್ಯ, ಸಾಲ ಮುಗಿಸಿದ್ದೀನಲ್ಲ, ಬಾಕಿ ಸೊನ್ನೆ ಇದೆಯಲ್ಲ, ಮತ್ತೇನು ತಕರಾರು ಅಂತ.

ತಕರಾರು ಇರೋದು ಬಾಕಿ ಬಗ್ಗೆ ಅಲ್ಲ. ಕ್ರೆಡಿಟ್ ರಿಪೋರ್ಟ್ ಅನ್ನೋದು ಇವತ್ತು ನೀವು ಎಷ್ಟು ಕೊಡ್ಬೇಕು ಅಂತ ಮಾತ್ರ ಹೇಳೋ ಕಾಗದ ಅಲ್ಲ, ತಗೊಂಡಿದ್ದನ್ನ ಹೇಗೆ ವಾಪಸ್ ಕೊಟ್ರಿ, ಕೊನೆಗೆ ಆ ಲೆಕ್ಕ ಹೇಗೆ ಮುಗೀತು ಅನ್ನೋದನ್ನೂ ಹೇಳುತ್ತೆ. ಇದೊಂದು ತಲೆಗೆ ಹೋದ್ರೆ ಮುಂದಿಂದೆಲ್ಲ ಸುಲಭ.

ಮೊದ್ಲು, ರಿಪೋರ್ಟ್ ಬೇರೆ ಸ್ಕೋರ್ ಬೇರೆ

ನಾವೆಲ್ಲ ಸಿಬಿಲ್ ಸಿಬಿಲ್ ಅಂತೀವಿ, ಆದ್ರೆ ಇಂಡಿಯಾದಲ್ಲಿ ಈ ಕೆಲಸ ಮಾಡೋ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ 2000ದಲ್ಲಿ ಶುರುವಾಗಿದ್ದು, ಎಲ್ಲಕ್ಕಿಂತ ಹಳೇದು, ಅದಕ್ಕೇ ಹೆಸರು ಹಂಗೇ ನಿಂತ್ಬಿಟ್ಟಿದೆ. ಇವನ್ನ ಬ್ಯೂರೋ ಅಂತ ಕರೀತಾರೆ. 2005ರ ಒಂದು ಕೇಂದ್ರ ಕಾಯ್ದೆ ಪ್ರಕಾರ ಇವು ನಡೆಯುತ್ತೆ, ಮೇಲೆ ಆರ್‌ಬಿಐ ಇದೆ.

ಬ್ಯೂರೋದೋರು ನಿಮ್ಮ ಬಗ್ಗೆ ತಾವೇ ಏನೂ ಬರ್ಕೊಳ್ಳಲ್ಲ. ಸಾಲ ಕೊಟ್ಟ ಬ್ಯಾಂಕು, ಫೈನಾನ್ಸ್ ಕಂಪನಿ ಏನು ಕಳಿಸ್ತಾರೋ ಅದನ್ನ ಜೋಡಿಸಿ ಇಡ್ತಾರೆ ಅಷ್ಟೇ. ಮುಂಚೆ ತಿಂಗಳಿಗೊಂದ್ಸಲ ಕಳಿಸ್ತಿದ್ರು, 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ ಎರಡು ಸಲ ಕಳಿಸ್ಬೇಕು ಅಂತ ಆರ್‌ಬಿಐ ಮಾಡಿದೆ. ಹಂಗೆ ಜೋಡಿಸಿಟ್ಟ ಪೂರ್ತಿ ಜಾತಕವೇ ರಿಪೋರ್ಟ್. ಅದನ್ನೆಲ್ಲ ಒಂದು ಫಾರ್ಮುಲಾಗೆ ಹಾಕಿ ಹಿಂಡಿದಾಗ ಬರೋ 300ರಿಂದ 900ರ ಒಳಗಿನ ನಂಬರೇ ಸ್ಕೋರ್. ಜನ ಸ್ಕೋರ್ ಹಿಂದೆ ಬೀಳ್ತಾರೆ, ಮೊಬೈಲ್ ಆಪಲ್ಲಿ ಹಸಿರು ಮುಳ್ಳು ಕಂಡ್ರೆ ಖುಷಿಯಾಗ್ತಾರೆ. ಆದ್ರೆ ಸೆಟಲ್ಡ್ ಅನ್ನೋ ವಿಷ್ಯ ಕೂತಿರೋದು ರಿಪೋರ್ಟಿನ ಒಳಗೆ, ಸ್ಕೋರ್ 750 ದಾಟಿದ್ರೂ ಅದು ಅಲ್ಲೇ ಇರ್ಬಹುದು.

ಕ್ಲೋಸ್ಡ್, ಸೆಟಲ್ಡ್, ರೈಟನ್ ಆಫ್

ಮುಖ್ಯವಾಗಿ ಈ ಮೂರು ಗೊತ್ತಿದ್ರೆ ಸಾಕು.

ಕ್ಲೋಸ್ಡ್ ಅಂದ್ರೆ ಅಸಲು, ಬಡ್ಡಿ, ಚಾರ್ಜು ಎಲ್ಲ ಪೂರ್ತಿ ಕಟ್ಟಿ ಮುಗಿಸಿದ್ದು. ಅವಧಿಗಿಂತ ಮುಂಚೆನೇ ಒಂದೇ ಸಲಕ್ಕೆ ಕಟ್ಟಿ ಮುಗಿಸಿದ್ರೆ ನಮ್ಮಲ್ಲಿ ಅದಕ್ಕೆ ಫೋರ್‌ಕ್ಲೋಸ್ ಮಾಡೋದು ಅಂತಾರೆ, ಅದೂ ರಿಪೋರ್ಟಲ್ಲಿ ಕ್ಲೋಸ್ಡೇ. ಇದನ್ನ ಸೆಟಲ್‌ಮೆಂಟ್ ಜೊತೆ ಕಲಸಿ ಗಾಬರಿ ಆಗೋರು ಇದ್ದಾರೆ, ಏನೂ ಸಂಬಂಧ ಇಲ್ಲ.

ಸೆಟಲ್ಡ್ ಅಂದ್ರೆ ಕೊಡ್ಬೇಕಾದ್ದಕ್ಕಿಂತ ಕಮ್ಮಿಗೆ ಸಾಲ ಕೊಟ್ಟೋರು ಒಪ್ಕೊಂಡು, ಉಳಿದಿದ್ದನ್ನ ಬಿಟ್ಟು ಲೆಕ್ಕ ಮುಗಿಸಿದ್ದು. ಓಟಿಎಸ್, ಒನ್ ಟೈಮ್ ಸೆಟಲ್‌ಮೆಂಟ್, ರಾಜಿ ಅಂತ ಏನೇನೋ ಹೆಸರಲ್ಲಿ ಕರೆದ್ರೂ ವಿಷ್ಯ ಒಂದೇ.

ರೈಟನ್ ಆಫ್ ಅಂದ್ರೆ ಈ ದುಡ್ಡು ಸದ್ಯಕ್ಕೆ ಬರಲ್ಲ ಅಂತ ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟಕ್ಕೆ ಹಾಕ್ಕೊಂಡಿದ್ದು. ಪೇಪರಲ್ಲಿ ಇಷ್ಟು ಕೋಟಿ ರೈಟ್ ಆಫ್ ಅಂತ ಬಂದಾಗ ಸಾಲ ಮನ್ನಾ ಅಂತ ಓದ್ಕೊಳ್ಳೋರೇ ಜಾಸ್ತಿ. ಮನ್ನಾ ಅಲ್ಲ ಅದು. ಅವರ ಲೆಕ್ಕಪತ್ರದ ಕೆಲಸ ಅಷ್ಟೇ, ಸಾಲ ತಗೊಂಡೋನು ಕೊಡ್ಬೇಕಾಗಿರೋದು ಹಂಗೇ ಇರುತ್ತೆ, ವಸೂಲಿನೂ ಮಾಡ್ಬಹುದು, ಕೇಸೂ ಹಾಕ್ಬಹುದು. ರೈಟ್ ಆಫ್ ಆದ್ಮೇಲೆ ಕಮ್ಮಿ ದುಡ್ಡು ಕಟ್ಟಿ ಮುಗಿಸಿದ್ರೆ ಪೋಸ್ಟ್ ರೈಟ್ ಆಫ್ ಸೆಟಲ್ಡ್ ಅಂತ ಬರುತ್ತೆ, ಪೂರ್ತಿ ಕಟ್ಟಿದ್ರೆ ಪೋಸ್ಟ್ ರೈಟ್ ಆಫ್ ಕ್ಲೋಸ್ಡ್ ಅಂತ.

ಬೀದಿ ಕೊನೇಲಿರೋ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪು ಮಾಡ್ಕೊಳ್ಳಿ. ಐದು ಸಾವಿರ ಉದ್ರಿ ಇತ್ತು, ಕಷ್ಟದಲ್ಲಿದ್ದಾನೆ ಪಾಪ ಅಂತ ಅಂಗಡಿಯೋರು ಮೂರು ಸಾವಿರ ಇಸ್ಕೊಂಡು ಲೆಕ್ಕಕ್ಕೆ ಗೆರೆ ಎಳೆದ್ರು. ಇನ್ನು ಮನೆ ಹತ್ರ ಬಂದು ಕೇಳಲ್ಲ, ಆ ಎರಡು ಸಾವಿರ ಹೋಯ್ತು. ಆದ್ರೆ ಮುಂದಿನ ತಿಂಗಳು ಮತ್ತೆ ಉದ್ರಿ ಕೇಳಿದ್ರೆ ಕೊಡ್ತಾರಾ? ಅಂಗಡಿಯೋರಿಗೆ ಕೋಪ ಏನಿಲ್ಲ, ಪುಸ್ತಕ ತಿರುವಿ ನೋಡಿದಾಗ ಹಿಂದಿನ ಗೆರೆ ಕಾಣುತ್ತೆ ಅಷ್ಟೇ. ಬ್ಯೂರೋ ಬಂದಿದ್ರಿಂದ ಆಗಿರೋದು ಏನು ಅಂದ್ರೆ ಊರಲ್ಲಿರೋ ಅಷ್ಟೂ ಅಂಗಡಿಯೋರು ಅದೇ ಪುಸ್ತಕ ನೋಡ್ತಾರೆ.

ಸೆಟಲ್‌ಮೆಂಟ್ ತನಕ ಬರೋಷ್ಟ್ರಲ್ಲೇ ಅರ್ಧ ಪೆಟ್ಟು ಬಿದ್ದಿರುತ್ತೆ

ಸೆಟಲ್‌ಮೆಂಟ್ ಆಫರ್ ಒಂದೇ ಸಲಕ್ಕೆ ಆಕಾಶದಿಂದ ಉದುರಲ್ಲ. ಸರಿಯಾಗಿ ಕಟ್ತಿರೋರಿಗೆ ಯಾವ ಬ್ಯಾಂಕೂ ಅರ್ಧ ಬಿಟ್ಬಿಡ್ತೀವಿ ಅಂತ ಫೋನ್ ಮಾಡಲ್ಲ.

ಕಾರ್ಡಿನದ್ದೇ ಒಂದು ಉದಾಹರಣೆ ತಗೋಳೋಣ, ಅಂಕಿ ನಾನು ಊಹೆಗೆ ಹಾಕ್ತಿರೋದು. ಖರ್ಚು ಮಾಡಿದ್ದು 78 ಸಾವಿರ. ಕಟ್ಟೋದು ನಿಂತ್ಹೋಯ್ತು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ ಮೂರು, ಮೂರೂವರೆ ಆಸುಪಾಸು ಇರುತ್ತೆ, ಮೂರೂವರೆ ಅಂದ್ರೆ ವರ್ಷಕ್ಕೆ 42. ಅದ್ರ ಮೇಲೆ ಲೇಟ್ ಫೀ, ಬಡ್ಡಿಗೂ ಫೀಗೂ ಶೇಕಡ 18 ಜಿಎಸ್‌ಟಿ ಬೇರೆ. ಒಂದು ವರ್ಷ ಆಗೋಷ್ಟ್ರಲ್ಲಿ 78 ಅನ್ನೋದು 1 ಲಕ್ಷದ 22 ಸಾವಿರ ಆಗಿ ನಿಂತಿರುತ್ತೆ.

ಈ ಕಡೆ ಅಷ್ಟು ತಿಂಗಳೂ ಬ್ಯಾಂಕು ಬ್ಯೂರೋಗೆ ವರದಿ ಕಳಿಸ್ತಾನೇ ಇರುತ್ತೆ. ಕಟ್ಬೇಕಾದ ದಿನ ದಾಟಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕಕ್ಕೆ ಡಿಪಿಡಿ ಅಂತಾರೆ, ಡೇಸ್ ಪಾಸ್ಟ್ ಡ್ಯೂ. ಮೊದಲ ತಿಂಗಳು 27, ಆಮೇಲೆ 58, ಆಮೇಲೆ 89, ಹೀಗೆ ಏರ್ತಾ ಹೋಗುತ್ತೆ. 90 ದಿನ ದಾಟಿದ್ರೆ ಅಕೌಂಟ್ ಎನ್‌ಪಿಎ, ಅಂದ್ರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ. ಸಾಮಾನ್ಯವಾಗಿ ಇದಾದ್ಮೇಲೇ ಸೆಟಲ್‌ಮೆಂಟ್ ಮಾತು ಬರೋದು.

ಹಂಗಾಗಿ ಸೆಟಲ್ ಮಾಡಿದ್ರಿಂದ ಸ್ಕೋರ್ ಬಿತ್ತು ಅಂತ ಹೇಳೋರ ಮಾತು ಅರ್ಧ ಮಾತ್ರ ಸರಿ, ಅದಕ್ಕೂ ಮುಂಚಿನ ತಿಂಗಳುಗಳ ಡಿಪಿಡಿಯಿಂದಾನೇ ಸ್ಕೋರ್ ಪಾತಾಳ ಸೇರಿರುತ್ತೆ, ಸೆಟಲ್ಡ್ ಅನ್ನೋದು ಅದ್ರ ಮೇಲೆ ಇನ್ನೊಂದು ಕಲೆ. ಎಷ್ಟು ಪಾಯಿಂಟ್ ಹೋಗುತ್ತೆ ಅಂತ ಯೂಟ್ಯೂಬಲ್ಲಿ ಒಬ್ಬೊಬ್ರು ಒಂದೊಂದು ನಂಬರ್ ಹೇಳ್ತಾರೆ, ಫಾರ್ಮುಲಾ ಪೂರ್ತಿಯಾಗಿ ಯಾವ ಬ್ಯೂರೋನೂ ಹೊರಗೆ ಬಿಟ್ಟಿಲ್ಲ, ನಿಮ್ಮ ಬೇರೆ ಸಾಲಗಳು ಹೇಗಿವೆ ಅನ್ನೋದ್ರ ಮೇಲೂ ಹೋಗುತ್ತೆ, ಹಾಗಾಗಿ ಆ ನಂಬರ್‌ಗಳನ್ನ ತಲೆಗೆ ಹಾಕ್ಕೊಬೇಡಿ.

ರಿಪೋರ್ಟ್ ತೆಗೆದ್ರೆ ಕಣ್ಣಿಗೆ ಏನು ಕಾಣುತ್ತೆ

ಸಿಬಿಲ್ ರಿಪೋರ್ಟಲ್ಲಿ ಒಂದೊಂದು ಸಾಲಕ್ಕೂ ಒಂದೊಂದು ಡಬ್ಬಿ ಇರುತ್ತೆ. ಮೇಲೆ ಸಾಲ ಕೊಟ್ಟೋರ ಹೆಸರು, ಯಾವ ಥರ ಸಾಲ, ಅಕೌಂಟ್ ನಂಬರ್. ಅದ್ರ ಪಕ್ಕದಲ್ಲಿ ಓನರ್‌ಶಿಪ್: ನೀವೊಬ್ರೇನಾ, ಜಾಯಿಂಟಾ, ಅಥವಾ ಗ್ಯಾರಂಟರ್ ಆಗಿ ಸೈನ್ ಹಾಕಿದ್ದಾ. ಆಮೇಲೆ ತೆರೆದ ದಿನ, ಕೊನೆಗೆ ದುಡ್ಡು ಕಟ್ಟಿದ ದಿನ, ಮುಗಿದ ದಿನ, ಬ್ಯಾಂಕು ಕೊನೆಗೆ ವರದಿ ಕಳಿಸಿದ ದಿನ.

ನಮ್ಮ ಉದಾಹರಣೆ ಕಾರ್ಡಿನ ಡಬ್ಬೀಲಿ ಸಾಮಾನ್ಯವಾಗಿ ಕರೆಂಟ್ ಬ್ಯಾಲೆನ್ಸ್ ಸೊನ್ನೆ, ಓವರ್‌ಡ್ಯೂ ಸೊನ್ನೆ ಇರುತ್ತೆ. ಇಷ್ಟು ನೋಡಿ ಸದ್ಯ ಎಲ್ಲ ಸರಿ ಇದೆ ಅಂತ ಮುಂದೆ ಹೋಗ್ಬಿಡ್ತಾರೆ. ಇನ್ನೂ ಸ್ವಲ್ಪ ಕೆಳಗೆ ಬನ್ನಿ, ಕ್ರೆಡಿಟ್ ಫೆಸಿಲಿಟಿ ಸ್ಟೇಟಸ್ ಅಂತ ಒಂದು ಸಾಲಿರುತ್ತೆ, ಅಲ್ಲಿ ಸೆಟಲ್ಡ್ ಅಂತ ಇರುತ್ತೆ. ಪಕ್ಕದಲ್ಲೇ ಸೆಟಲ್‌ಮೆಂಟ್ ಅಮೌಂಟ್ 50,000 ಅಂತ. ರೈಟ್ ಆಫ್ ಆಗಿದ್ರೆ ಒಟ್ಟು ಎಷ್ಟು ರೈಟ್ ಆಫ್ ಆಯ್ತು, ಅದ್ರಲ್ಲಿ ಅಸಲು ಎಷ್ಟು ಅಂತ ಇನ್ನೆರಡು ಅಂಕಿ. ಮಾಮೂಲಿ ಮುಗಿದ ಸಾಲದ ಡಬ್ಬೀಲಿ ಈ ಜಾಗ ಖಾಲಿ ಇರುತ್ತೆ, ಅಲ್ಲಿ ಏನೂ ಇಲ್ದೆ ಇರೋದೇ ಒಳ್ಳೇದು.

ಎಲ್ಲಕ್ಕಿಂತ ಕೆಳಗೆ ತಿಂಗಳು ತಿಂಗಳಿನ ಪಟ್ಟಿ, 36 ತಿಂಗಳ ತನಕ. 000 ಅಂದ್ರೆ ಆ ತಿಂಗಳು ಬಾಕಿ ಇರ್ಲಿಲ್ಲ. 058 ಅಂದ್ರೆ 58 ದಿನ ತಡ. ಎಕ್ಸ್ ಎಕ್ಸ್ ಎಕ್ಸ್ ಅಂತಿದ್ರೆ ಆ ತಿಂಗಳು ಬ್ಯಾಂಕು ಮಾಹಿತಿ ಕಳಿಸಿಲ್ಲ ಅಂತ ಅಷ್ಟೇ, ಅದೇನು ಕೆಟ್ಟ ಗುರುತಲ್ಲ, ಅದನ್ನ ನೋಡಿ ಹೆದರ್ಕೊಂಡೋರು ತುಂಬ ಜನ ಇದ್ದಾರೆ. ಕೆಲವು ಕಡೆ ಅಂಕಿ ಬದ್ಲು ಎಸ್‌ಟಿಡಿ, ಎಸ್‌ಎಂಎ, ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಅಂತ ಇರುತ್ತೆ. ಎಸ್‌ಟಿಡಿ ಅಂದ್ರೆ ಸರಿಯಾಗಿದೆ, ಎಸ್‌ಎಂಎ ಅಂದ್ರೆ ಕೈ ಜಾರೋ ಸೂಚನೆ, ಉಳಿದ ಮೂರೂ ಎನ್‌ಪಿಎ ಆದ್ಮೇಲಿನ ಹಂತಗಳು.

ರಿಪೋರ್ಟ್ ನೋಡೋಕೆ ದುಡ್ಡು ಕೊಡ್ಬೇಕಾಗಿಲ್ಲ. ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡ್ಲೇಬೇಕು, 2017ರಿಂದ ಈ ನಿಯಮ ಇದೆ. ನಮ್ಮದು ನಾವೇ ನೋಡ್ಕೊಂಡ್ರೆ ಸ್ಕೋರ್ ಕಮ್ಮಿ ಆಗುತ್ತೆ ಅನ್ನೋದು ಸುಳ್ಳು.

ಬ್ಯಾಂಕಿನೋರು ಇದನ್ನ ಹೇಗೆ ಓದ್ತಾರೆ

ಸಾಲ ಕೊಡೋರಿಗೆ ಗೊತ್ತಾಗ್ಬೇಕಾಗಿರೋದು ಒಂದೇ, ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರುತ್ತಾ. ಸೆಟಲ್ಡ್ ಅನ್ನೋದು ಹಿಂದೆ ಒಂದ್ಸಲ ಪೂರ್ತಿ ಬಂದಿಲ್ಲ ಅಂತ ನೇರವಾಗಿ ಹೇಳುತ್ತೆ. ಕಾರಣ ಏನು ಅಂತ ರಿಪೋರ್ಟ್ ಹೇಳಲ್ಲ, ಕೆಲಸ ಹೋಗಿತ್ತಾ, ಆಕ್ಸಿಡೆಂಟ್ ಆಗಿತ್ತಾ, ಅಥವಾ ಬೇಕಂತಾನೇ ಕಟ್ಲಿಲ್ವಾ, ಮೂರಕ್ಕೂ ಅದೇ ಸಾಲು. ಇದು ಸ್ವಲ್ಪ ಕ್ರೂರವೇ, ಆದ್ರೆ ಇರೋದು ಹಂಗೆ.

ಎಲ್ಲ ಬ್ಯಾಂಕೂ ಒಂದೇ ಥರ ನಡ್ಕೊಳ್ಳಲ್ಲ. ಕೆಲವರು ಸೆಟಲ್ಡ್ ಕಂಡ್ರೆ ಫೈಲ್ ಅಲ್ಲೇ ಮಡಚ್ತಾರೆ. ಕೆಲವರು ಹಳೇ ಬ್ಯಾಂಕಿಗೆ ಉಳಿಕೆ ಕಟ್ಟಿ ನೋ ಡ್ಯೂ ಸರ್ಟಿಫಿಕೇಟ್, ಅಂದ್ರೆ ಇನ್ನೇನೂ ಬಾಕಿ ಇಲ್ಲ ಅನ್ನೋ ಪತ್ರ, ತಂದ್ರೆ ನೋಡೋಣ ಅಂತಾರೆ. ಕೆಲವು ಫೈನಾನ್ಸ್ ಕಂಪನಿಗಳು ಬಡ್ಡಿ ಜಾಸ್ತಿ ಹಾಕಿ ಕೊಡ್ತಾರೆ. ಎಷ್ಟು ಹಳೇದು, ಎಷ್ಟು ಮೊತ್ತ, ಆಮೇಲಿನ ಸಾಲಗಳನ್ನ ಹೇಗೆ ಕಟ್ಟಿದ್ದೀರಿ ಅನ್ನೋದನ್ನೂ ನೋಡ್ತಾರೆ, ಎಂಟು ಸಾವಿರದ ಹಳೇ ಕಾರ್ಡಿಗೂ ಎಂಟು ಲಕ್ಷದ ಪರ್ಸನಲ್ ಲೋನಿಗೂ ವ್ಯತ್ಯಾಸ ಇದ್ದೇ ಇರುತ್ತೆ.

ಸೆಟಲ್ ಮಾಡಿಕೊಟ್ಟ ಸಂಸ್ಥೆಗೇ ಇನ್ನೊಂದು ನಿಯಮ ಇದೆ. 2023ರ ಜೂನ್ 8ಕ್ಕೆ ಆರ್‌ಬಿಐ ರಾಜಿ ಸೆಟಲ್‌ಮೆಂಟ್ ಬಗ್ಗೆ ಹೊರಡಿಸಿದ ಸುತ್ತೋಲೆ ಪ್ರಕಾರ, ಸೆಟಲ್ ಮಾಡ್ಕೊಂಡ ಗಿರಾಕಿಗೆ ಆ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡೋ ಹಾಗಿಲ್ಲ. ಕನಿಷ್ಠ ಅಂತ ಇರೋದ್ರಿಂದ ಅವರ ಪಾಲಿಸಿ ಪ್ರಕಾರ ಇನ್ನೂ ಜಾಸ್ತಿನೂ ಇಟ್ಕೋಬಹುದು. ಕೃಷಿ ಸಾಲಕ್ಕೆ ಈ 12 ತಿಂಗಳ ಕಟ್ಟು ಇಲ್ಲ, ಅದನ್ನ ಅವರವರ ಬೋರ್ಡ್ ತೀರ್ಮಾನಕ್ಕೆ ಬಿಟ್ಟಿದ್ದಾರೆ. ವರ್ಷ ಕಳೆದ್ರೆ ಬೇರೆ ಬ್ಯಾಂಕಿನೋರು ಕೊಡ್ಲೇಬೇಕು ಅಂತ ಮಾತ್ರ ಇದಕ್ಕೆ ಅರ್ಥ ಇಲ್ಲ.

ಅದಾಲತ್, ಸೀಜ್ ಆದ ಗಾಡಿ, ಸಂಘದ ಸಾಲ, ಜಾಮೀನು

ನಮ್ಮ ಕಡೆ ತುಂಬ ಜನ ಎಡವೋದು ಇಲ್ಲೇ.

ಲೋಕ ಅದಾಲತ್‌ನಲ್ಲಿ ಬ್ಯಾಂಕ್ ಕೇಸುಗಳು ರಾಶಿ ರಾಶಿ ಬರುತ್ತೆ. ಅಲ್ಲಿ ರಾಜಿ ಆದ್ರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅಪೀಲೂ ಇಲ್ಲ. ಹಾಗಾಗಿ ಜಡ್ಜ್ ಮುಂದೆ ಮುಗಿದಿದೆ, ಸಿಬಿಲೂ ಕ್ಲಿಯರ್ ಅಂತ ಅಂದ್ಕೋತಾರೆ. ಅಲ್ಲಿ ತೀರ್ಮಾನ ಆಗೋದು ನೀವು ಎಷ್ಟು ಕೊಡ್ಬೇಕು, ಕೇಸ್ ಮುಗೀತಾ ಅನ್ನೋದು. ಬಾಕಿಗಿಂತ ಕಮ್ಮಿ ಕಟ್ಟಿದ್ರೆ ಬ್ಯಾಂಕು ಬ್ಯೂರೋಗೆ ಕಳಿಸೋದು ಸೆಟಲ್ಡ್ ಅಂತಲೇ. ಅದಾಲತ್‌ನಲ್ಲಿ ಕೂತಾಗ್ಲೇ ಬ್ಯಾಂಕಿನೋರನ್ನ ಇದ್ರ ಬಗ್ಗೆ ಕೇಳ್ಬೇಕು, ರಾಜಿ ಪತ್ರಕ್ಕೆ ಸೈನ್ ಹಾಕಿದ್ಮೇಲೆ ಕೇಳಿ ಉಪಯೋಗ ಇಲ್ಲ.

ಗಾಡಿ ಸಾಲದ್ದು ಇನ್ನೊಂದು ಕಥೆ. ಕಂತು ಕಟ್ಲಿಲ್ಲ, ಗಾಡಿ ಸೀಜ್ ಮಾಡ್ಕೊಂಡ್ಹೋದ್ರು, ಗಾಡಿನೂ ಹೋಯ್ತು ಸಾಲನೂ ಹೋಯ್ತು ಅಂತ ಸುಮ್ನಾಗ್ಬಿಡ್ತಾರೆ. ಫೈನಾನ್ಸ್‌ನೋರು ಗಾಡಿ ಹರಾಜು ಹಾಕ್ತಾರೆ. ಬಾಕಿ 3 ಲಕ್ಷ ಇತ್ತು, ಹರಾಜಲ್ಲಿ ಬಂದಿದ್ದು 2 ಲಕ್ಷ ಅಂದ್ರೆ ಉಳಿದ 1 ಲಕ್ಷ ನಿಮ್ಮ ಹೆಸರಲ್ಲೇ ಇರುತ್ತೆ. ಅದು ರಿಪೋರ್ಟಲ್ಲಿ ಓವರ್‌ಡ್ಯೂ ಆಗಿನೋ ರೈಟನ್ ಆಫ್ ಆಗಿನೋ ಕೂತಿರುತ್ತೆ, ಅದನ್ನ ಕಮ್ಮಿಗೆ ಮುಗಿಸಿದ್ರೆ ಸೆಟಲ್ಡ್. ಹರಾಜು ಎಷ್ಟಕ್ಕೆ ಆಯ್ತು ಅನ್ನೋ ಲೆಕ್ಕದ ಕಾಗದ ಕೇಳಿ ಇಸ್ಕೊಳ್ಳಿ.

ಮೈಕ್ರೋಫೈನಾನ್ಸ್ ಅಂದ್ರೆ ಹಳ್ಳಿ ಕಡೆ ಸಂಘದ ಸಾಲ ಅಂತಾರಲ್ಲ, 30 ಸಾವಿರ, 50 ಸಾವಿರದ್ದು, ಇದೆಲ್ಲ ಸಿಬಿಲ್‌ಗೆ ಹೋಗಲ್ಲ ಅನ್ನೋ ನಂಬಿಕೆ ಇದೆ. ಹೋಗುತ್ತೆ, ಆರ್‌ಬಿಐ ನೋಂದಣಿ ಇರೋ ಸಂಸ್ಥೆಗಳು ಇದನ್ನೂ ಬ್ಯೂರೋಗೆ ಕಳಿಸ್ತಾರೆ. 2025ರ ಫೆಬ್ರವರೀಲಿ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ ಇನ್ನು ಸಂಘದ ಸಾಲ ಕಟ್ಬೇಕಾಗಿಲ್ಲ ಅಂತ ಸುದ್ದಿ ಹಬ್ಬಿತ್ತು. ಅದು ಬಲವಂತದ ವಸೂಲಿ ತಡೆಯೋಕೆ ತಂದಿದ್ದು, ನೋಂದಾಯಿತ ಸಂಸ್ಥೆಗಳಿಂದ ತಗೊಂಡ ಸಾಲ ಅದ್ರಿಂದ ಮನ್ನಾ ಆಗಿಲ್ಲ.

ಜಾಮೀನು ಹಾಕಿದೋರ ಪಾಡಂತೂ ಕೇಳ್ಬೇಡಿ. ಸ್ನೇಹಿತನ ಸಾಲಕ್ಕೆ ಸೈನ್ ಹಾಕಿರ್ತೀರಿ, ಅವನು ಆರಾಮಾಗಿ ಓಟಿಎಸ್ ಮಾಡ್ಕೊಂಡ, ಅದು ನಿಮ್ಮ ರಿಪೋರ್ಟಲ್ಲೂ ಗ್ಯಾರಂಟರ್ ಅನ್ನೋ ಹೆಸರಿನ ಡಬ್ಬೀಲಿ ಬರುತ್ತೆ. ಮಗಳ ಎಜುಕೇಶನ್ ಲೋನಿಗೆ ಅಪ್ಪ ಕೋ ಅಪ್ಲಿಕೆಂಟ್ ಆಗಿದ್ರೂ ಅಷ್ಟೇ, ಇಬ್ರಿಗೂ ಬರುತ್ತೆ.

ಎಷ್ಟು ವರ್ಷ ಇರುತ್ತೆ

ಏಳು ವರ್ಷ ಆದ್ರೆ ತಾನಾಗೇ ಅಳ್ಸಿಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಯಮದಲ್ಲಿ ಇರೋದು ಬ್ಯೂರೋಗಳು ಮಾಹಿತಿಯನ್ನ ಕನಿಷ್ಠ ಏಳು ವರ್ಷ ಇಟ್ಕೋಬೇಕು ಅಂತ. ಏಳನೇ ವರ್ಷದ ಕೊನೇ ದಿನ ಅಳಿಸ್ಬೇಕು ಅಂತ ಅಲ್ಲ. ಏಳು ವರ್ಷ ಕಾದ್ರೆ ಸಾಕು ಅಂತ ಲೆಕ್ಕ ಹಾಕ್ಕೊಂಡು ಕೂತ್ರೆ ಕೆಲಸ ಆಗ್ದೇನೂ ಇರ್ಬಹುದು.

ಕಾಲ ಕಳೀತಾ ಅದ್ರ ಭಾರ ಮಾತ್ರ ಕಮ್ಮಿ ಆಗುತ್ತೆ, ಆಮೇಲೆ ತಗೊಂಡ ಒಂದೆರಡು ಸಣ್ಣ ಸಾಲ ತಪ್ಪದೆ ಕಟ್ಕೊಂಡು ಬಂದಿದ್ರೆ ಇನ್ನೂ ಬೇಗ. ಎಫ್‌ಡಿ ಇಟ್ಟು ಅದ್ರ ಮೇಲೆ ತಗೊಳ್ಳೋ ಕ್ರೆಡಿಟ್ ಕಾರ್ಡ್ ಇಂಥೋರಿಗೆ ಸಿಗುತ್ತೆ, ಯಾಕಂದ್ರೆ ಅಲ್ಲಿ ಬ್ಯಾಂಕಿಗೆ ಭಯ ಇಲ್ಲ.

ಸೆಟಲ್ಡ್ ಇರೋದನ್ನ ಕ್ಲೋಸ್ಡ್ ಮಾಡ್ಸೋಕೆ ಆಗುತ್ತಾ

ಆಗುತ್ತೆ, ಆದ್ರೆ ಬಿಟ್ಟ ದುಡ್ಡು ಕಟ್ಬೇಕು. ನಮ್ಮ ಉದಾಹರಣೇಲಿ ಆ 72 ಸಾವಿರ.

ಇದು ಬ್ಯೂರೋ ಕೈಲಿರೋ ಕೆಲಸ ಅಲ್ಲ, ಸಾಲ ಕೊಟ್ಟ ಬ್ಯಾಂಕಿಗೇ ಹೋಗ್ಬೇಕು. ನಾನು ಉಳಿಕೆ ಕಟ್ಟೋಕೆ ಸಿದ್ಧ, ಎಷ್ಟು ಅಂತ ಹೇಳಿ, ಕಟ್ಟಿದ್ಮೇಲೆ ಸ್ಟೇಟಸ್ ಕ್ಲೋಸ್ಡ್ ಅಂತ ಬ್ಯೂರೋಗಳಿಗೆ ಕಳಿಸ್ತೀರಾ ಅಂತ ಬರವಣಿಗೇಲಿ ಕೇಳಿ. ಉತ್ತರ ಮೇಲ್‌ನಲ್ಲಿ ಬಂದ್ಮೇಲೆ ಮಾತ್ರ ದುಡ್ಡು ಕಟ್ಟಿ. ಬ್ಯಾಂಕು ಒಪ್ಲೇಬೇಕು ಅಂತ ಕಡ್ಡಾಯ ಇಲ್ಲ, ಆದ್ರೆ ಬರೋ ದುಡ್ಡು ಬೇಡ ಅನ್ನೋರು ಕಮ್ಮಿ. ಮಾತಾಡಿದ್ರೆ ಕೆಲವು ಕಡೆ ಪೆನಾಲ್ಟಿ ಭಾಗ ಕಮ್ಮಿ ಮಾಡ್ತಾರೆ, ಹಂಗೆ ಕಮ್ಮಿ ಮಾಡಿದ್ರೂ ಕ್ಲೋಸ್ಡ್ ಅಂತಲೇ ಹಾಕ್ತೀರಾ ಅನ್ನೋದನ್ನ ಮೊದ್ಲೇ ಕೇಳಿಟ್ಕೊಳ್ಳಿ. ಕಟ್ಟಿದ್ಮೇಲೆ ನೋ ಡ್ಯೂ ಸರ್ಟಿಫಿಕೇಟ್ ತಗೊಂಡು ಒಂದೂವರೆ ಎರಡು ತಿಂಗಳು ಬಿಟ್ಟು ರಿಪೋರ್ಟ್ ನೋಡಿ.

ಸ್ಟೇಟಸ್ ಬದಲಾದ್ರೂ ಹಳೇ ತಿಂಗಳುಗಳ 058, 089 ಅಲ್ಲೇ ಇರುತ್ತೆ. ಅವು ನಡೆದಿದ್ದು ನಿಜ, ಅವನ್ನ ಯಾರೂ ತೆಗೆಯಲ್ಲ.

ಸಾಲವನ್ನ ಬ್ಯಾಂಕು ಬೇರೆ ಕಂಪನಿಗೆ ಮಾರಿಬಿಟ್ಟಿದ್ರೆ ಸ್ವಲ್ಪ ಓಡಾಟ ಜಾಸ್ತಿ. ಇಂಥ ಸಾಲ ಕೊಂಡ್ಕೊಳ್ಳೋ ಕಂಪನಿಗೆ ಎಆರ್‌ಸಿ ಅಂತಾರೆ, ರಿಪೋರ್ಟಲ್ಲಿ ಹಳೇ ಡಬ್ಬೀಲಿ ಅಕೌಂಟ್ ಸೋಲ್ಡ್ ಅಂತ ಕಾಣ್ಬಹುದು. ಆಗ ಬ್ಯಾಂಕಿಗೆ ಹೋದ್ರೆ ನಮ್ಮ ಹತ್ರ ಇಲ್ಲ ಅಂತಾರೆ, ಯಾರಿಗೆ ಮಾರಿದ್ದು ಅಂತ ಕೇಳ್ಕೊಂಡು ಅಲ್ಲಿಗೆ ಹೋಗ್ಬೇಕು.

ಸೋಶಿಯಲ್ ಮೀಡಿಯಾದಲ್ಲಿ ಸಿಬಿಲ್ ಕ್ಲೀನ್ ಮಾಡಿಸಿಕೊಡ್ತೀವಿ ಅಂತ ಐದು ಸಾವಿರ, ಹತ್ತು ಸಾವಿರ ಕೇಳೋರಿದ್ದಾರಲ್ಲ, ಅವರ ಹತ್ರ ಯಾವ ಒಳದಾರಿನೂ ಇಲ್ಲ. ಸಾಲ ಕೊಟ್ಟೋರು ಒಪ್ಪದೆ ಬ್ಯೂರೋ ಒಂದಕ್ಷರ ಬದಲಾಯಿಸಲ್ಲ. ಇವರು ಮಾಡೋದು ನಿಮ್ಮ ಹೆಸರಲ್ಲಿ ಒಂದು ದೂರು ಹಾಕೋದು, ಅದನ್ನ ನೀವೇ ದುಡ್ಡಿಲ್ದೆ ಹಾಕ್ಬಹುದು.

ಸೆಟಲ್ ಮಾಡ್ಕೊಳ್ಳೋ ಮುಂಚೆ

ಸೆಟಲ್‌ಮೆಂಟ್ ಮಾಡ್ಲೇಬೇಡಿ ಅಂತ ಹೇಳೋದು ಸುಲಭ, ಕಷ್ಟದಲ್ಲಿರೋರಿಗೆ ಅದು ಗೊಡ್ಡು ಉಪದೇಶ. ಪೂರ್ತಿ ಕಟ್ಟೋ ದಾರಿನೇ ಇಲ್ದಿದ್ರೆ ರೈಟನ್ ಆಫ್ ಆಗಿ ಬಾಕಿ ಬೆಳೀತಾ ಕೂರೋದಕ್ಕಿಂತ ಸೆಟಲ್ಡ್ ಎಷ್ಟೋ ವಾಸಿ, ಕನಿಷ್ಠ ಆ ಲೆಕ್ಕಕ್ಕೆ ಕೊನೆ ಅಂತ ಆಗುತ್ತೆ. ಆದ್ರೆ ಅದಕ್ಕೂ ಮುಂಚೆ ಕಂತು ಸಣ್ಣ ಮಾಡಿ ಅವಧಿ ಜಾಸ್ತಿ ಮಾಡ್ತೀರಾ, ಕಾರ್ಡ್ ಬಾಕಿನ ಇಎಂಐ ಮಾಡ್ತೀರಾ ಅಂತ ಕೇಳಿ ನೋಡಿ. ರೀಸ್ಟ್ರಕ್ಚರ್ಡ್ ಅಂತ ಗುರುತು ಬರ್ಬಹುದು, ಅದೂ ಚೆನ್ನಾಗೇನಿಲ್ಲ, ಆದ್ರೆ ದುಡ್ಡು ಪೂರ್ತಿ ಬರ್ತಿದೆ ಅಂತಾದ್ರೂ ತೋರಿಸುತ್ತೆ.

ಸೆಟಲ್ ಮಾಡೋದೇ ಅಂತಾದ್ರೆ ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲೋ ಅವರ ಅಧಿಕೃತ ಮೇಲ್‌ನಿಂದಲೋ ಪತ್ರ ಬರ್ಬೇಕು. ಅದ್ರಲ್ಲಿ ಅಕೌಂಟ್ ನಂಬರ್, ಒಟ್ಟು ಬಾಕಿ, ಎಷ್ಟಕ್ಕೆ ಒಪ್ಪಿದ್ದಾರೆ, ಯಾವ ತಾರೀಕಿನೊಳಗೆ ಕಟ್ಬೇಕು, ಕಟ್ಟಿದ್ಮೇಲೆ ಇನ್ನೇನೂ ಬಾಕಿ ಇಲ್ಲ ಅನ್ನೋ ಮಾತು, ಇಷ್ಟಿರ್ಬೇಕು. ತಾರೀಕು ಒಂದೇ ದಿನ ತಪ್ಪಿದ್ರೂ ಆಫರ್ ರದ್ದು ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಮೂರು ಕಂತಲ್ಲಿ ಕಟ್ಟೋ ಸೆಟಲ್‌ಮೆಂಟ್ ಆದ್ರೆ ಇದನ್ನ ಎರಡು ಸಲ ಓದಿ. ದುಡ್ಡು ಲೋನ್ ಅಕೌಂಟಿಗೇ ಹೋಗ್ಬೇಕು, ಏಜೆಂಟ್ ಕೊಟ್ಟ ಫೋನ್‌ಪೇ ನಂಬರ್‌ಗೆ ಅಲ್ಲ. ಏಜೆಂಟ್ "ಸಿಬಿಲ್‌ನಲ್ಲಿ ಕ್ಲೋಸ್ಡ್ ಅಂತಲೇ ಬರುತ್ತೆ ಮೇಡಂ" ಅಂದ್ರೆ ಆ ಮಾತನ್ನ ಪತ್ರದಲ್ಲಿ ಹಾಕಿಕೊಡಿ ಅನ್ನಿ. ಸಾಮಾನ್ಯವಾಗಿ ಅಲ್ಲಿಗೆ ಮಾತು ನಿಲ್ಲುತ್ತೆ.

ಮನೆ, ಸೈಟ್ ಪತ್ರ ಅಡ ಇಟ್ಟಿದ್ರೆ, ಪೂರ್ತಿ ಕಟ್ಟಿ ಅಥವಾ ಸೆಟಲ್ ಮಾಡಿ 30 ದಿನದೊಳಗೆ ಮೂಲ ಪತ್ರಗಳನ್ನ ಅವರು ವಾಪಸ್ ಕೊಡ್ಬೇಕು, ಅವರ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಇದು ಜಾರೀಲಿದೆ.

ಪೂರ್ತಿ ಕಟ್ಟಿದ್ರೂ ಸೆಟಲ್ಡ್ ಅಂತ ಬಂದಿದ್ರೆ

ಇದು ತಪ್ಪು ಮಾಹಿತಿ, ಇದನ್ನ ಸರಿ ಮಾಡ್ಸೋದು ನಿಮ್ಮ ಹಕ್ಕು. ಬ್ಯೂರೋ ವೆಬ್‌ಸೈಟಲ್ಲಿ ಡಿಸ್ಪ್ಯೂಟ್ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಯಾವ ಅಕೌಂಟು, ಅದ್ರ ಯಾವ ಲೈನಲ್ಲಿ ತಪ್ಪು ಅಂತ ಹಾಕಿ. ಅದೇ ಹೊತ್ತಲ್ಲಿ ಬ್ಯಾಂಕಿಗೂ ನೋ ಡ್ಯೂ ಸರ್ಟಿಫಿಕೇಟ್, ಕಟ್ಟಿದ ಸ್ಟೇಟ್‌ಮೆಂಟ್ ಲಗತ್ತಿಸಿ ಮೇಲ್ ಹಾಕಿ. ಬ್ಯೂರೋ ಆ ಬ್ಯಾಂಕನ್ನ ಕೇಳುತ್ತೆ, ಬ್ಯಾಂಕು 21 ದಿನದೊಳಗೆ ಸರಿಪಡಿಸಿದ ಮಾಹಿತಿ ಕಳಿಸ್ಬೇಕು, ಒಟ್ಟು 30 ದಿನದಲ್ಲಿ ಬಗೆಹರೀಬೇಕು. ಬಗೆಹರೀದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸೇರ್ಬೇಕು, ತಡ ಯಾರಿಂದ ಆಯ್ತೋ ಅವರು ಕೊಡ್ತಾರೆ. 2024ರ ಏಪ್ರಿಲ್ 26ರಿಂದ ಈ ನಿಯಮ ಇದೆ. ನಿಜವಾಗ್ಲೂ ಕಮ್ಮಿ ಕಟ್ಟಿ ಸೆಟಲ್ ಮಾಡ್ಕೊಂಡಿದ್ದಕ್ಕೆ ಡಿಸ್ಪ್ಯೂಟ್ ಹಾಕಿದ್ರೆ ಮಾಹಿತಿ ಸರಿ ಇದೆ ಅಂತ ವಾಪಸ್ ಬರುತ್ತೆ ಅಷ್ಟೇ.

30 ದಿನ ಆದ್ರೂ ಉತ್ತರ ಇಲ್ಲ ಅಥವಾ ಕೊಟ್ಟ ಉತ್ತರ ಸರಿಯಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದ್ರೆ ಇಂಥ ದೂರು ಕೇಳೋಕೆ ಆರ್‌ಬಿಐ ಇಟ್ಟಿರೋ ಅಧಿಕಾರಿಗೆ, ದೂರು ಕೊಡ್ಬಹುದು, 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳೂ ಅದ್ರ ಕೆಳಗೆ ಬರುತ್ತೆ. ಆರ್‌ಬಿಐನ ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟಲ್ಲಿ ಹಾಕೋದು, ಫೀಸ್ ಇಲ್ಲ, ವಕೀಲರು ಬೇಡ, ಗೊತ್ತಾಗ್ದಿದ್ರೆ 14448ಕ್ಕೆ ಫೋನ್ ಮಾಡಿ ಕೇಳ್ಬಹುದು. ಮೊದ್ಲು ಬ್ಯಾಂಕಿಗೆ, ಬ್ಯೂರೋಗೆ ಬರವಣಿಗೇಲಿ ದೂರು ಕೊಟ್ಟಿರೋದಕ್ಕೆ ಸಾಕ್ಷಿ ಇರ್ಬೇಕು, ಇಲ್ದಿದ್ರೆ ತಗೊಳ್ಳಲ್ಲ.

ಡಿಸ್ಪ್ಯೂಟ್ ಒಂದೇ ಬ್ಯೂರೋದಲ್ಲಿ ಹಾಕಿ ಸುಮ್ನಾಗ್ಬೇಡಿ. ನೀವು ಹೋಗೋ ಬ್ಯಾಂಕು ಯಾವ ಬ್ಯೂರೋ ರಿಪೋರ್ಟ್ ತೆಗೆಯುತ್ತೆ ಅಂತ ಮೊದ್ಲೇ ಗೊತ್ತಿರಲ್ಲ, ಸಿಬಿಲ್‌ನಲ್ಲಿ ಸರಿಯಾಗಿ ಎಕ್ಸ್‌ಪೀರಿಯನ್‌ನಲ್ಲಿ ಹಳೇದೇ ಉಳ್ಕೊಂಡಿದ್ರೆ ಅಲ್ಲೂ ಬೇರೆಯಾಗಿ ಡಿಸ್ಪ್ಯೂಟ್ ಹಾಕ್ಬೇಕಾಗುತ್ತೆ.